ಹೊಸ ಸಭೆಗೆ ಮೊದಲು ಬೇಕಾದ ಆರಡಿ ಮೂರಡಿ

ಬಾಗಲಕೋಟೆಯ ನವನಗರದಲ್ಲಿ ಹೊಸದೊಂದು ಕ್ರೈಸ್ತ ಸಭೆಯನ್ನು ಕಟ್ಟಬೇಕೆಂದು ನಾವು ಕೆಲವು ಕುಟುಂಬಗಳವರು ಮಾತಾಡಿಕೊಳ್ಳತೊಡಗಿದ ಮೇಲೆ, ನಮ್ಮ ಕೂಟಗಳ ಹೆಚ್ಚಿನ ಹೊತ್ತು ಹೋಗಿರುವುದು ಹಾಲ್ ಎಲ್ಲಿ ಬಾಡಿಗೆಗೆ ಸಿಕ್ಕೀತು, ಕೀಬೋರ್ಡ್ ಯಾರು ನುಡಿಸಿಯಾರು, ಸಭೆಗೆ ಯಾವ ಹೆಸರಿಟ್ಟರೆ ಚೆಂದ ಎಂಬ ಚರ್ಚೆಗಳಿಗೆ. ಇವು ಬೇಡದ ಮಾತುಗಳೆಂದು ನಾನು ಹೇಳಲಾರೆ. ಆದರೆ ಸಭೆಯೊಳಗೇ ಹುಟ್ಟಿ ಬೆಳೆದು ಈಗ ನಿವೃತ್ತಿಯ ವಯಸ್ಸಿಗೆ ಬಂದಿರುವ ನನಗೆ, ಇಂಥ ಯೋಜನೆ ಇನ್ನೊಂದು ತುದಿಯಿಂದ ಆರಂಭವಾಗಬೇಕೆಂದು ತೋರುತ್ತದೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಎಲ್ಲಿ ಮಾಡುತ್ತೇವೆ, ನಮ್ಮ ಮಕ್ಕಳ ಮದುವೆಯನ್ನು ಕಾನೂನಿಗೆ ಒಪ್ಪುವಂತೆ ಯಾರು ನಡೆಸಿಕೊಡುತ್ತಾರೆ, ಕಾಣಿಕೆಯ ಲೆಕ್ಕವನ್ನು ಯಾರ ಮುಂದೆ ಓದುತ್ತೇವೆ? ಇವಕ್ಕೆ ಉತ್ತರ ಸಿಗುವವರೆಗೂ ನಮ್ಮದು ರವಿವಾರದ ಪ್ರಾರ್ಥನಾ ಕೂಟವಾಗಿಯೇ ಇರುತ್ತದೆ. ಅದನ್ನು ಸಭೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನವನಗರದಂಥ ಊರಿನಲ್ಲಿ ಈ ಪ್ರಶ್ನೆಗಳು ಹೆಚ್ಚು ಚುರುಕಾಗಿ ಏಳುತ್ತವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಭಾಗಗಳು ಮುಳುಗುತ್ತವೆಂದು ಗೊತ್ತಾದಾಗ, ಅಲ್ಲಿಯ ಜನರಿಗಾಗಿ ಸೆಕ್ಟರ್‌ಗಳಾಗಿ ವಿಂಗಡಿಸಿ ಕಟ್ಟಿದ ಊರಿದು. ಇದರ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿದವು, ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದವು. ಹಳೆಯ ಊರುಗಳಲ್ಲಿ ಗುಡಿ, ಮಸೀದಿ, ಚರ್ಚು, ರುದ್ರಭೂಮಿ ಎಲ್ಲಕ್ಕೂ ಅವುಗಳದೇ ಜಾಗ ಇರುತ್ತದೆ. ಯಾವುದು ಯಾರದೆಂದು ಯಾರೂ ಕಾಗದ ತೋರಿಸಿ ಹೇಳಬೇಕಾಗಿಲ್ಲ. ಯೋಜನೆ ಹಾಕಿ ಕಟ್ಟಿದ ಊರಿನಲ್ಲಿ ಹಾಗಲ್ಲ, ಪ್ರತಿಯೊಂದನ್ನೂ ಅರ್ಜಿ ಕೊಟ್ಟೇ ಕೇಳಬೇಕು. ಮುಳುಗಡೆಯಾದವರಿಗೆ ಪರಿಹಾರವಾಗಿ ನಿವೇಶನ ಸಿಕ್ಕಿತು. ನಮ್ಮ ಕೂಟದವರಲ್ಲಿ ಹೆಚ್ಚಿನವರು ಅವರ ನಂತರ ನೌಕರಿಗೆಂದು ಬಂದವರು: ನರ್ಸುಗಳು, ಶಿಕ್ಷಕರು, ಹೆಸ್ಕಾಂ ನೌಕರರು, ಸಾರಿಗೆ ಸಂಸ್ಥೆಯ ಚಾಲಕರು. ಗುಳೇದಗುಡ್ಡ, ಗದಗ-ಬೆಟಗೇರಿ, ಹುಬ್ಬಳ್ಳಿ, ಬೆಳಗಾವಿ ಎಂದು ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ತಾಯಿಸಭೆ. ಹೆಸರು ಅಲ್ಲಿಯ ಪುಸ್ತಕದಲ್ಲಿದೆ, ಬದುಕು ಇಲ್ಲಿದೆ. ಊರಿನಲ್ಲಿ ಬೇರೆ ಚರ್ಚುಗಳು ಇಲ್ಲವೆಂದಲ್ಲ. ಆದರೆ ಅಲ್ಲಿಗೆ ಅತಿಥಿಗಳಂತೆ ಹೋಗಿ ಬರುವುದಕ್ಕೂ, ಒಂದು ಸಭೆಯ ಹೊರೆಯನ್ನು ತಾವೇ ಹೊರುವುದಕ್ಕೂ ವ್ಯತ್ಯಾಸವಿದೆಯೆಂದು ನಮ್ಮವರಿಗೆ ಅನ್ನಿಸಿದೆ.

ಈ ಸೀಮೆಯಲ್ಲಿ ಸಭೆ ಕಟ್ಟುವುದು ಹೊಸ ಕೆಲಸವೇನೂ ಅಲ್ಲ. ಲಂಡನ್ ಮಿಷನ್ನಿನವರು 1820ರಲ್ಲಿಯೇ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ್ದರು. 1904ರಲ್ಲಿ ಅದನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಎಂದು ಒಂದೊಂದೇ ಠಾಣೆ ಹಾಕುತ್ತ ಬಂದರು. ಅವರ ಯೋಜನೆಗಳೆಲ್ಲ ಕೈಗೂಡಿದವೆಂದು ತಿಳಿಯಬಾರದು. ಮುಂದೆ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್, ಅದಕ್ಕೂ ಮೊದಲು ಧಾರವಾಡ-ಹುಬ್ಬಳ್ಳಿಯ ಕಡೆ ಕಾಲಜ್ಞಾನಿಗಳೆಂಬ ಗುಂಪಿನವರ ಮಾತನ್ನು ನಂಬಿ, ಅವರಲ್ಲಿ ಬಹಳ ಜನ ಒಟ್ಟಾಗಿ ಕ್ರೈಸ್ತರಾಗುತ್ತಾರೆಂಬ ನಿರೀಕ್ಷೆಯಲ್ಲಿ, ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ವಸಾಹತನ್ನೇ ಯೋಜಿಸಿದ್ದರು. ನಿರೀಕ್ಷಿಸಿದ ಜನ ಬರಲಿಲ್ಲ, ವಸಾಹತು ನಿಲ್ಲಲಿಲ್ಲ. ಎಷ್ಟು ಜನ ಸೇರುತ್ತಾರೆಂಬ ಅಂದಾಜಿನ ಮೇಲೆ ಜಾಗ ಹಿಡಿಯಬೇಕೆಂದು ನಮ್ಮ ಕೂಟದಲ್ಲಿ ಯಾರಾದರೂ ಹುರುಪಿನಿಂದ ಹೇಳಿದಾಗಲೆಲ್ಲ ನಾನು ಮಲಸಮುದ್ರದ ಹೆಸರು ಎತ್ತುತ್ತೇನೆ. ಈಚೆಗೆ ನಾನು ಬಾಯಿ ತೆರೆಯುವ ಮೊದಲೇ ಹುಡುಗರು ನಗುತ್ತಾರೆ.

ಆ ಇತಿಹಾಸದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವ ಘಟ್ಟ ಮೊದಲ ಮಹಾಯುದ್ಧದ್ದು. 1914ರ ನಂತರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳಿಸಿತು. ಮಿಷನ್ನಿನ ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಠಾಣೆ ಹಾಕಿದವರು ಹೋದರೂ ಈ ಕಡೆಯ ಸಭೆಗಳು ಉಳಿದವು. ಉಳಿದದ್ದಕ್ಕೆ ಕಾರಣ ಹುಡುಕಿದರೆ, ಪ್ರತಿ ಸಭೆಗೂ ಊರಿನವರೇ ಆದ ಹಿರಿಯರಿದ್ದರು, ಹೆಸರಿನ ಪುಸ್ತಕವಿತ್ತು, ಶಾಲೆಯಿತ್ತು, ತನ್ನವರನ್ನು ಮಣ್ಣು ಮಾಡುವ ಜಾಗವಿತ್ತು. ಹೊರಗಿನಿಂದ ಬರುವ ಹಣ ಒಂದು ದಿನ ನಿಂತರೂ ನಡೆಯುವಂತಹ ಸಭೆಯನ್ನೇ ಕಟ್ಟಬೇಕೆಂಬ ನನ್ನ ಹಟಕ್ಕೆ ಮೂಲ ಇದು. ಇಂದಿನ ಕಾನೂನೂ ಅದನ್ನೇ ಹೇಳಿಸುತ್ತದೆ. ವಿದೇಶಿ ದೇಣಿಗೆ ಪಡೆಯಲು ನೋಂದಣಿ ಬೇಕೆಂದರೆ ಸಂಸ್ಥೆಗೆ ಕನಿಷ್ಠ 3 ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಗಳಿಗಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ಹಣ ಮೊದಲು ಬರುವ ಖಾತೆ ಭಾರತೀಯ ಸ್ಟೇಟ್ ಬ್ಯಾಂಕಿನ ದೆಹಲಿಯ ಮುಖ್ಯ ಶಾಖೆಯಲ್ಲಿಯೇ ಇರಬೇಕು. ನಮ್ಮಂಥ ಸಣ್ಣ ಕೂಟ ಆ ದಾರಿಯತ್ತ ನೋಡದಿರುವುದೇ ಲೇಸು.

ಈಗ ಮಣ್ಣಿನ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದ, ಗಂಡು ಮಕ್ಕಳಿಲ್ಲದ ಒಬ್ಬ ಹಿರಿಯ ತಾಯಿಯನ್ನು ನಮ್ಮ ಹುಡುಗರು ಕೂಟಕ್ಕೆ ಕರೆಯಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: “ತಮ್ಮಾ, ಹಾಡಾಕ ಕರದ್ರ ಬರ್ತೀನಿ. ನಾಳೆ ನಾ ಸತ್ತ್ರ ಮಣ್ಣ ಎಲ್ಲಿ ಮಾಡ್ತೀರಿ, ಅದನ್ನ ಮೊದ್ಲ ಹೇಳ್ರಿ.” ಹುಡುಗರು ಅದನ್ನು ತಮಾಷೆಯೆಂದುಕೊಂಡು ಬಂದು ಹೇಳಿದರು. ಅಷ್ಟು ದಿನ ನಡೆದ ಚರ್ಚೆಯಲ್ಲಿ ನಾನು ಕೇಳಿದ ಅತ್ಯಂತ ಗಟ್ಟಿಯಾದ ಪ್ರಶ್ನೆ ಅದಾಗಿತ್ತು. ಹಳೆಯ ಸಭೆಗಳ ರುದ್ರಭೂಮಿಗಳು ಆಯಾ ಸಭೆಯ ಸದಸ್ಯರಿಗೆ ಮೀಸಲು. ಹಾಗಿರುವುದರಲ್ಲಿ ತಪ್ಪೂ ಇಲ್ಲ, ಏಕೆಂದರೆ ಜಾಗ ಇರುವುದೇ ಕಡಿಮೆ. ಹೊಸ ಸಭೆಗೆ ಸೇರಿದವರು ತಾಯಿಸಭೆಯ ಹೆಸರಿನ ಪುಸ್ತಕದಿಂದ ಹೊರಬಂದ ಮೇಲೆ, ಸಾವು ಸಂಭವಿಸಿದ ದಿನ ಹಿಂದಿರುಗಿ ಹೋಗಿ ಬಾಗಿಲು ತಟ್ಟಬೇಕಾಗುತ್ತದೆ. ಮನೆಯಲ್ಲಿ ದುಃಖ, ಅಂಗಳದಲ್ಲಿ ಬಂಧುಗಳು, ಅದೇ ಹೊತ್ತಿಗೆ ಇಬ್ಬರು ಮೋಟರ್‌ಸೈಕಲ್ ಮೇಲೆ ಜಾಗಕ್ಕಾಗಿ ಪತ್ರ ಹಿಡಿದು ಓಡಾಡುವುದು: ಇಂಥದ್ದನ್ನು ನಾನು ಬೇರೆ ಊರುಗಳಲ್ಲಿ ನೋಡಿದ್ದೇನೆ. ಮನೆಯವರಲ್ಲಿ ಒಬ್ಬರೇ ವಿಶ್ವಾಸಕ್ಕೆ ಬಂದವರಾಗಿದ್ದರೆ ಕಷ್ಟ ಇಮ್ಮಡಿ. ಹುಟ್ಟಿದ ಹಳ್ಳಿಯವರು ನಮ್ಮ ಪದ್ಧತಿಯೇ ಆಗಬೇಕೆನ್ನುತ್ತಾರೆ, ಸಭೆಯವರು ತಮ್ಮ ಪ್ರಾರ್ಥನೆಯಾಗಬೇಕೆನ್ನುತ್ತಾರೆ, ಹೆಣ ನಡುವೆ ಕಾಯುತ್ತದೆ.

ಸತ್ಯವೇದದ ಆದಿಕಾಂಡದ 23ನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ವಾಗ್ದಾನದ ದೇಶಕ್ಕೆ ಬಂದು ಎಷ್ಟೋ ವರ್ಷವಾದರೂ ಅಬ್ರಹಾಮನಿಗೆ ಅಲ್ಲಿ ಅಂಗೈಯಗಲ ಸ್ವಂತ ನೆಲವಿರಲಿಲ್ಲ. ಅವನು ಹಣ ಕೊಟ್ಟು ಕೊಂಡ ಮೊದಲ ಭೂಮಿ, ಹೆಂಡತಿ ಸಾರಳನ್ನು ಸಮಾಧಿ ಮಾಡಲು ಬೇಕಾದ ಮಕ್ಪೇಲದ ಗವಿ ಮತ್ತು ಹೊಲ. ಪುಕ್ಕಟೆಯಾಗಿ ಕೊಡುತ್ತೇವೆಂದು ಊರವರು ಹೇಳಿದರೂ ಒಪ್ಪದೆ, ಊರಬಾಗಿಲಿನಲ್ಲಿ ಎಲ್ಲರ ಎದುರಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಮರಗಳ ಸಮೇತ ಗಡಿ ಗುರುತಿಸಿಕೊಂಡು ಹಕ್ಕು ಮಾಡಿಕೊಂಡನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಹತ್ತಿಸಿಕೊಂಡನು. ನಮಗೂ ಇರುವ ದಾರಿಗಳು ಎರಡೇ. ಒಂದು, ಸರ್ಕಾರವನ್ನು ಕೇಳುವುದು: 1964ರ ಭೂ ಕಂದಾಯ ಕಾಯ್ದೆಯಡಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ, ಅರ್ಜಿ ತಹಶೀಲ್ದಾರರ ಮೂಲಕ ಹೋಗುತ್ತದೆ, ಗ್ರಾಮ ಮಟ್ಟದ ಕಂದಾಯ ಅಧಿಕಾರಿಯಾದ ತಲಾಠಿ ಸ್ಥಳ ನೋಡಿ ವರದಿ ಕೊಡಬೇಕು, ಮೋಜಣಿ ಆಗಬೇಕು. ಇನ್ನೊಂದು, ಹಳೆಯ ಸಭೆಯೊಂದರ ಜೊತೆ ಮೊದಲೇ ಕೂತು ಮಾತಾಡಿ, ಇಂತಿಷ್ಟು ವಾರ್ಷಿಕ ವಂತಿಗೆಗೆ ಅವರ ರುದ್ರಭೂಮಿಯಲ್ಲಿ ನಮ್ಮವರಿಗೂ ಜಾಗ ಕೊಡಬೇಕೆಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದು. ಎರಡನೆಯದು ಬೇಗ ಆಗುವ ಕೆಲಸ. ಮೇಲಾಗಿ ಅದು ನಮ್ಮನ್ನು ಹಳೆಯ ಸಭೆಯವರ ಎದುರಿಗೆ ವಿನಯದಿಂದ ನಿಲ್ಲಿಸುತ್ತದೆ. ಹೊಸದಾಗಿ ಹೊರಡುವವರಿಗೆ ಆ ವಿನಯ ಬೇಕು.

ಜಾಗದ ಜೊತೆಗೆ ಇನ್ನೂ ಕೆಲವು ಸಣ್ಣ ಸಂಗತಿಗಳಿವೆ. ಎರೆ ಭೂಮಿಯಲ್ಲಿ ಮಳೆಗಾಲದ ಕುಣಿ ತೋಡುತ್ತಿರುವಾಗಲೇ ಕುಸಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಯಾವ ಮಣ್ಣಿನ ಜಾಗ ಕೇಳುತ್ತೇವೆ ಎನ್ನುವುದನ್ನೂ ನೋಡಬೇಕು. ಇನ್ನು ಈ ಜಿಲ್ಲೆಗೇ ವಿಶೇಷವಾದ ಒಂದು ಎಚ್ಚರ: ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಆ ರೇಖೆಯೊಳಗೆ ಬರುವ ಹೊಲ ಸೋವಿಯಾಗಿ ಸಿಕ್ಕಿತೆಂದು ಕೊಂಡರೆ ಮುಂದೆ ಸತ್ತವರಿಗೂ ಮುಳುಗಡೆಯ ಪಾಡು ಬಂದೀತು. ಶವಪೆಟ್ಟಿಗೆ ಮಾಡುವ ಬಡಿಗರು, ಹೊರಲು ನಾಲ್ಕು ಜನ, ಆ ದಿನದ ಖರ್ಚಿಗೆಂದು ತಿಂಗಳಿಗಿಷ್ಟು ಎತ್ತಿಡುವ ಮರಣ ನಿಧಿ, ಇವೆಲ್ಲ ಸಭೆಯ ಮೊದಲ ವರ್ಷದ ಬಜೆಟ್ಟಿನಲ್ಲಿ ಮೈಕಿಗಿಂತ ಮೇಲಿನ ಸಾಲಿನಲ್ಲಿರಬೇಕೆಂಬುದು ನನ್ನ ವಾದ.

ಮದುವೆಯ ವಿಷಯ ಇಷ್ಟು ಕಠಿಣವಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಯಾವ ಬೋಧಕರೂ ತಾವಾಗಿಯೇ ಮದುವೆ ನಡೆಸಿ ಪ್ರಮಾಣಪತ್ರ ಕೊಡುವಂತಿಲ್ಲ. ಬಿಷಪರಿಂದ ದೀಕ್ಷೆ ಪಡೆದು ತಮ್ಮ ಚರ್ಚಿನ ವಿಧಿಗೆ ಅನುಸಾರವಾಗಿ ಮದುವೆ ನಡೆಸುವವರಾಗಿರಬೇಕು ಅಥವಾ ಸರ್ಕಾರದಿಂದ ಲೈಸೆನ್ಸ್ ಪಡೆದಿರಬೇಕು. ಸಾಮಾನ್ಯ ಮದುವೆಗಳು ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ನಡೆಯಬೇಕೆಂದೂ ಅದರಲ್ಲಿದೆ. ಸ್ವತಂತ್ರ ಸಭೆಗಳಲ್ಲಿ ಎಷ್ಟೋ ಸಭಾಪಾಲಕರಿಗೆ ಲೈಸೆನ್ಸ್ ಇರುವುದಿಲ್ಲ. ಪಾಸ್‌ಪೋರ್ಟಿಗೋ ಪಿಂಚಣಿಗೋ ಪ್ರಮಾಣಪತ್ರ ಬೇಕಾದಾಗ ದಂಪತಿಗಳಿಗೆ ಅದು ತಿಳಿಯುತ್ತದೆ. ಮೊದಲೇ ಒಬ್ಬ ಅಧಿಕೃತ ಅಯ್ಯನವರೊಂದಿಗೆ ಮಾತಾಡಿಟ್ಟುಕೊಂಡರೆ ಸಾಕು.

ದೀಕ್ಷಾಸ್ನಾನದ ಪ್ರಶ್ನೆ ಬಂದಾಗ ನಮ್ಮ ಕೂಟದಲ್ಲಿ ಎಲ್ಲರೂ ಧ್ವನಿ ತಗ್ಗಿಸುತ್ತಾರೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ಅಧಿವೇಶನದಲ್ಲಿ ವಿಧಾನಸಭೆ ಅಂಗೀಕರಿಸಿದ ಮತಾಂತರ ನಿಷೇಧ ಮಸೂದೆ ಮರುವರ್ಷ ಕಾಯ್ದೆಯಾಯಿತು. ಅದರಂತೆ ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಘೋಷಣೆ ಸಲ್ಲಿಸಬೇಕು. ಅದನ್ನು ರದ್ದುಪಡಿಸುವುದೆಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತಾದರೂ, ಸಂಪುಟದ ತೀರ್ಮಾನವನ್ನೇ ಕಾನೂನೆಂದು ತಿಳಿದು ನಡೆಯಬಾರದು; ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು. ಇದರ ಜೊತೆಗೆ ಇನ್ನೊಂದು ಗಂಟು ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಆ ಸ್ಥಾನಮಾನವಿಲ್ಲ. ಕ್ರೈಸ್ತರಾದ ಪರಿಶಿಷ್ಟರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ಕ್ಕೆ ಬರುತ್ತಾರೆ. ಹೀಗಾಗಿ ವರ್ಷಗಟ್ಟಲೆ ಆರಾಧನೆಗೆ ಬಂದರೂ ದೀಕ್ಷಾಸ್ನಾನ ಪಡೆಯದ ಕುಟುಂಬಗಳಿರುತ್ತವೆ. ಅವರನ್ನು ಅರೆಮನಸ್ಸಿನವರೆಂದು ಹಂಗಿಸುವ ಸಂಬಳದಾರ ಬೋಧಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಆ ಮನೆಯ ಮಗಳ ಹಾಸ್ಟೆಲ್ ಸೀಟು ಹೋದರೆ ಅದನ್ನು ತಂದುಕೊಡುವ ಶಕ್ತಿ ಆ ಬೋಧಕರಿಗಿಲ್ಲ. ನಮ್ಮ ಕರಡು ನಿಯಮದಲ್ಲಿ ನಾನು ಬರೆಸಿರುವುದು ಹೀಗೆ: ಯಾರನ್ನೂ ಅವಸರ ಪಡಿಸುವುದಿಲ್ಲ, ಅಪ್ರಾಪ್ತ ವಯಸ್ಸಿನವರ ವಿಷಯದಲ್ಲಿ ತಂದೆ-ತಾಯಿಗೆ ತಿಳಿಯದೆ ಏನನ್ನೂ ಮಾಡುವುದಿಲ್ಲ, ಸಹಾಯ ಮತ್ತು ಆರಾಧನೆಯನ್ನು ಒಂದೇ ದಿನ ಒಂದೇ ಚಾವಣಿಯ ಕೆಳಗೆ ಇಡುವುದಿಲ್ಲ. ಅಕ್ಕಿ ಹಂಚುವುದಿದ್ದರೆ ಬುಧವಾರ ಹಂಚಬಹುದು, ಕೇಳಿದವರಿಗೆಲ್ಲ ಹಂಚಬಹುದು. ರವಿವಾರ ಹಂಚಿದ ಅಕ್ಕಿ ಪಡೆದವರ ಮರ್ಯಾದೆಯನ್ನೂ ಕೊಟ್ಟವರ ಮರ್ಯಾದೆಯನ್ನೂ ಕಳೆಯುತ್ತದೆ.

ಇನ್ನು ನೆರೆಹೊರೆಯವರ ಮಾತು. ಬಾಡಿಗೆ ಮನೆಯಲ್ಲಿ ಕೂಟ ನಡೆಸುವಾಗ ಮಾಲೀಕರಿಗೆ ಪ್ರಾರ್ಥನೆಗೆಂದೇ ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಹುಟ್ಟುಹಬ್ಬವೆಂದೋ ಟ್ಯೂಷನ್ ಎಂದೋ ಹೇಳಿ ಜಾಗ ಹಿಡಿಯುವವರಿದ್ದಾರೆ, ಮುಂದೆ ಬರುವ ಸಂಶಯಗಳಿಗೆಲ್ಲ ಬೀಜ ಅಲ್ಲಿ ಬೀಳುತ್ತದೆ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 55 ಡೆಸಿಬಲ್, ರಾತ್ರಿಯದು 45. ಮನೆಯ ಹಾಲಿನಲ್ಲಿ ಇಪ್ಪತ್ತು ಜನರಿಗೆ ಮೈಕು ಏಕೆ ಬೇಕೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಮುಂದೆ ಸ್ವಂತ ಜಾಗ ಕೊಂಡರೆ ಹೊಲವನ್ನು ಎನ್.ಎ. (ಕೃಷಿಯೇತರ) ಮಾಡಿಸುವುದು, ಕಟ್ಟಡದ ಪರವಾನಗಿ, ಟ್ರಸ್ಟ್ ಪತ್ರದ ನೋಂದಣಿ ಇವೆಲ್ಲ ಬರುತ್ತವೆ; ಅವು ಕಾಗದದ ಕೆಲಸಗಳು, ತಾಳ್ಮೆಯಿದ್ದರೆ ಆಗುತ್ತವೆ. ಒಂದನ್ನು ಮಾತ್ರ ಒತ್ತಿ ಹೇಳಬೇಕು: ಆಸ್ತಿ ಸಭಾಪಾಲಕರ ಹೆಸರಿನಲ್ಲಾಗಲಿ ಅವರ ಹೆಂಡತಿಯ ಹೆಸರಿನಲ್ಲಾಗಲಿ ಇರಕೂಡದು. ತಂದೆಯ ನಂತರ ಮಗ ಬೀಗದ ಕೈ ಹಿಡಿದು ನಿಂತ ಸಭೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಯಾರು ಎಲ್ಲಿ ಕೂರುತ್ತಾರೆ, ಯಾರ ಮನೆಯಲ್ಲಿ ಊಟ ಮಾಡುತ್ತಾರೆ ಎನ್ನುವುದು ಕಾಗದದಲ್ಲಿ ಬಗೆಹರಿಯುವ ವಿಷಯವಲ್ಲ. ನಮ್ಮ ಕೂಟಕ್ಕೆ ಜಮಖಾನೆಯ ಮೇಲೆ ಕೂರುವ ರೂಢಿಯವರೂ ಬರುತ್ತಾರೆ, ಕುರ್ಚಿಯಿಲ್ಲದಿದ್ದರೆ ಮುಜುಗರ ಪಡುವವರೂ ಬರುತ್ತಾರೆ. ಮಂಡಿನೋವಿನವರನ್ನು ಬಿಟ್ಟರೆ ಎಲ್ಲರೂ ಜಮಖಾನೆಯ ಮೇಲೆ ಎಂದು ತೀರ್ಮಾನವಾದಾಗ ಒಂದು ಕುಟುಂಬ ಮತ್ತೆ ಬರಲಿಲ್ಲ. ಅದಕ್ಕೆ ನನಗೆ ವ್ಯಥೆಯಿದೆ, ತೀರ್ಮಾನ ಬದಲಾಗಬೇಕೆಂದು ಮಾತ್ರ ಅನ್ನಿಸಿಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಎದ್ದ ಜಗಳವೂ ಊಟದ್ದೇ: ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟು ಎದ್ದಾಗ, ಅಪೊಸ್ತಲರು ಅದನ್ನು ಮುಚ್ಚಿಹಾಕದೆ ಏಳು ಜನರನ್ನು ಆ ಕೆಲಸಕ್ಕೆಂದೇ ಆರಿಸುವಂತೆ ಹೇಳಿದರು, ಆರಿಸಿದವರ ಹೆಸರುಗಳೆಲ್ಲ ಗ್ರೀಕ್ ಹೆಸರುಗಳೇ ಎನ್ನುವುದು ಗಮನಿಸಬೇಕಾದ ಸಂಗತಿ. ನೊಂದವರ ಕೈಗೇ ಹಂಚುವ ಅಧಿಕಾರ ಕೊಟ್ಟರು. ನಮ್ಮ ಖಜಾಂಚಿ ಯಾರಾಗಬೇಕೆಂಬ ಚರ್ಚೆಯಲ್ಲಿ ನಾನು ಬ್ಯಾಂಕಿನ ಅಧಿಕಾರಿಯ ಹೆಸರನ್ನು ಒಪ್ಪದೆ, ತಾಂಡಾದಿಂದ ಬಂದು ಅಂಗನವಾಡಿಯಲ್ಲಿ ಕೆಲಸ ಮಾಡುವ ತಂಗಿಯ ಹೆಸರನ್ನು ಸೂಚಿಸಿದ್ದು ಇದೇ ಕಾರಣಕ್ಕೆ. ಅವರ ಲೆಕ್ಕದ ಪುಸ್ತಕ ನೋಡಿದವರಿಗೆ ಬೇರೆ ಕಾರಣಗಳೂ ಸಿಗುತ್ತವೆ.

ಹಾಡುಗಳ ಬಗ್ಗೆ ಹುಡುಗರ ಜೊತೆ ನನ್ನದು ಅರ್ಧ ರಾಜಿ. ಬಾಸೆಲ್ ಮಿಷನ್ನಿನ ಕಾಲದ ಸಂಗೀತ ಪುಸ್ತಕದಲ್ಲಿ ಜರ್ಮನ್ ಧಾಟಿಗೆ ಹೊಂದಿಸಿದ ಕನ್ನಡ ಪದ್ಯಗಳಿವೆ; 1894ರಲ್ಲಿ ಪ್ರಕಟವಾದ ನಿಘಂಟಿನ ಕಿಟೆಲ್ ಅವರೂ ಅಂಥ ಗೀತೆಗಳನ್ನು ರಚಿಸಿದವರು. ಗುಳೇದಗುಡ್ಡದ ಕಡೆಯವರಿಗೆ ಅವು ಬಾಯಿಪಾಠ, ತಾಂಡಾದವರಿಗೆ ಅವು ನಾಲಿಗೆಗೆ ಹತ್ತುವುದೇ ಇಲ್ಲ. ಆರಾಧನೆಗೆ ಎರಡು ಹಳೆಯವು, ಉಳಿದವು ಹುಡುಗರ ಇಷ್ಟ ಎಂದು ಮುಗಿಸಿದ್ದೇವೆ. ಸಭಾಪಾಲಕರನ್ನು ಸದ್ಯಕ್ಕೆ ನೇಮಿಸುತ್ತಿಲ್ಲ. ಒಂದು ಕುಟುಂಬ ಮಾನವಾಗಿ ಬದುಕುವಷ್ಟು ಸಂಬಳವನ್ನು ನಮ್ಮ ದಶಮಾಂಶದಿಂದಲೇ (ಗಳಿಕೆಯ ಹತ್ತರಲ್ಲೊಂದು ಪಾಲಿನ ಕಾಣಿಕೆಯಿಂದಲೇ) ವರ್ಷವಿಡೀ ಕೊಡಬಲ್ಲೆವೆಂದು ಲೆಕ್ಕ ತೋರಿಸುವವರೆಗೂ ಯಾರನ್ನೂ ಕರೆತಂದು ಅರೆಹೊಟ್ಟೆಯಲ್ಲಿ ಇಡಬಾರದು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಹುರುಪಿಗೆ ಬಿದ್ದು ಸಾವಿರಕ್ಕೆ ಕೂಗುವ ನಮ್ಮವರು ತಿಂಗಳ ವಂತಿಗೆಗೆ ನೆನಪು ಮಾಡಿಸಿಕೊಳ್ಳುತ್ತಾರೆ; ಬಜೆಟ್ ಹಾಕುವವರು ಹರಾಜಿನ ದಿನವನ್ನು ನಂಬಬಾರದು.

ಸದ್ಯ ಹಳೆಯ ಸಭೆಯೊಂದರ ಹಿರಿಯರಿಗೆ ರುದ್ರಭೂಮಿಯ ವಿಷಯವಾಗಿ ನಾವು ಬರೆದ ಪತ್ರ ಅವರ ಸಮಿತಿಯ ಮುಂದಿದೆ. ನಿಮ್ಮವರು ನಮ್ಮ ಸದಸ್ಯರನ್ನು ಸೆಳೆಯುವುದಿಲ್ಲವೆಂದು ಮೊದಲು ಬರೆದುಕೊಡಿ ಎಂದು ಅವರು ಕೇಳಿದ್ದಾರೆ, ಮತ್ತು ಅದು ನ್ಯಾಯವಾದ ಬೇಡಿಕೆಯೇ. ವರ್ಗಾವಣೆ ಪತ್ರವಿಲ್ಲದೆ ಅವರ ಸಭೆಯ ಯಾರನ್ನೂ ನಮ್ಮ ಪುಸ್ತಕದಲ್ಲಿ ಸೇರಿಸುವುದಿಲ್ಲವೆಂದು ನಾನು ಕರಡು ಬರೆದಿದ್ದೇನೆ. ನಮ್ಮಲ್ಲಿ ಇಬ್ಬರು ಅದಕ್ಕೆ ಇನ್ನೂ ಸಹಿ ಹಾಕಿಲ್ಲ. ಹೊಸ ಸಭೆಗೆ ಹುಟ್ಟುವ ಮೊದಲೇ ಕೈಕಟ್ಟಿ ಹಾಕುತ್ತೀರಿ ಎನ್ನುತ್ತಾರೆ. ಮುಂದಿನ ಕೂಟದಲ್ಲಿ ಆ ಹಿರಿಯ ತಾಯಿಯನ್ನೂ ಕರೆದು ಕೂರಿಸಿ, ಸಹಿ ಹಾಕದಿರುವ ಕಾರಣವನ್ನು ಅವರಿಬ್ಬರೂ ಆಕೆಗೇ ಹೇಳಲಿ ಎಂದಿದ್ದೇನೆ.